ಶನಿವಾರ ಹತ್ತರಿಂದ ಐದರವರೆಗೆ: ಮಗುವಿನ ಸುಪರ್ದಿ, ಭೇಟಿ ಮತ್ತು ಹೆತ್ತವರ ಹಕ್ಕು

“ಐದು ವರ್ಷ ತುಂಬಿದ ಮೇಲೆ ಮಗು ಅಪ್ಪನಿಗೆ ಹೋಗುತ್ತಂತೆ, ನಿಜಾನಾ?” ಗಂಡನ ಮನೆ ಬಿಟ್ಟು ತವರಿಗೆ ಬಂದ ಹೆಣ್ಣುಮಗಳು ವಕೀಲರ ಮುಂದೆ ಕೂತು ಕೇಳುವ ಮೊದಲ ನಾಲ್ಕು ಪ್ರಶ್ನೆಗಳಲ್ಲಿ ಇದು ಇದ್ದೇ ಇರುತ್ತದೆ. ಗಂಡಸರು ಅದನ್ನೇ ಇನ್ನೊಂದು ತುದಿಯಿಂದ ಹಿಡಿಯುತ್ತಾರೆ: “ಹೇಗೂ ಕೋರ್ಟು ಅಮ್ಮನಿಗೇ ಕೊಡೋದು, ನಾನು ಕೇಸ್ ಹಾಕಿ ಏನುಪಯೋಗ ಸಾರ್?” ಇಬ್ಬರೂ ಕಾನೂನಿನ ಒಂದೇ ವಾಕ್ಯವನ್ನು ಯಾರದೋ ಬಾಯಲ್ಲಿ ಅರ್ಧಂಬರ್ಧ ಕೇಳಿಸಿಕೊಂಡು ಬಂದವರು.

ಆ ವಾಕ್ಯ ಇರುವುದು 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ 6ನೇ ಕಲಮಿನಲ್ಲಿ. ಐದು ವರ್ಷ ತುಂಬದ ಮಗುವಿನ ಸುಪರ್ದಿ ‘ಸಾಮಾನ್ಯವಾಗಿ’ ತಾಯಿಯ ಬಳಿ ಇರತಕ್ಕದ್ದು ಎನ್ನುತ್ತದೆ ಅದು. ಐದು ತುಂಬಿದ ಮರುದಿನ ತಂದೆಗೆ ಒಪ್ಪಿಸಬೇಕು ಎಂದು ಎಲ್ಲೂ ಹೇಳಿಲ್ಲ. ‘ಸಾಮಾನ್ಯವಾಗಿ’ ಎಂಬ ಪದವೇ ಇರುವುದರಿಂದ ಎಳೆಯ ಮಗುವೂ ತಾಯಿಗೇ ಸಿಗುತ್ತದೆಂಬ ಗ್ಯಾರಂಟಿಯೂ ಇಲ್ಲ. 2015ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿತು: ಐದರೊಳಗಿನ ಮಗು ತಾಯಿಯ ಬಳಿ ಇರುವುದು ಸರಿಯಲ್ಲ ಎನ್ನುವುದಾದರೆ ಅದನ್ನು ತೋರಿಸಿಕೊಡುವ ಹೊಣೆ ತಂದೆಯದು, ತಾನು ಯೋಗ್ಯಳೆಂದು ತಾಯಿ ಸಾಬೀತು ಮಾಡುತ್ತ ಕೂರಬೇಕಿಲ್ಲ. ಇನ್ನು ಐದು ದಾಟಿದ ಮೇಲೆ ಇಬ್ಬರ ಕಡೆಗೂ ಒಲವಿಲ್ಲ. ಅದೇ ಕಾಯ್ದೆಯ 13ನೇ ಕಲಮು ಹೇಳುವಂತೆ ಮಗುವಿನ ಹಿತವೊಂದೇ ಎಲ್ಲಕ್ಕಿಂತ ಮೇಲೆ.

‘ಮಗುವಿನ ಹಿತ’ ಎನ್ನುವುದು ಭಾಷಣದಲ್ಲಿ ಚೆನ್ನಾಗಿಯೇ ಕೇಳಿಸುತ್ತದೆ. ಅದು ಮಗುವಿನ ದಿನಚರಿಯಲ್ಲಿ ಏನಾಗಿ ಇಳಿಯುತ್ತದೆ ಎಂಬುದು ಬೇರೆ ಸಂಗತಿ. ನನ್ನ ಅನಿಸಿಕೆ ಕೇಳಿದರೆ, ಸುಪರ್ದಿಯ ಕೇಸಿನಲ್ಲಿ ಹೆತ್ತವರು ತಮ್ಮ ಶಕ್ತಿಯನ್ನೆಲ್ಲ ‘ಮಗು ಯಾರಿಗೆ’ ಎಂಬ ಅಂತಿಮ ತೀರ್ಪಿಗೆ ಸುರಿಯುತ್ತಾರೆ. ಮಗುವಿನ ಬದುಕು ತೀರ್ಮಾನವಾಗುವುದು ಅದಕ್ಕಿಂತ ಎಷ್ಟೋ ಮೊದಲು, ಕೇಸು ಮುಗಿಯುವವರೆಗಿನ ಏರ್ಪಾಡಿಗಾಗಿ ಹಾಕುವ ಮಧ್ಯಂತರ ಅರ್ಜಿಯ ಮೇಲೆ ಬರುವ ಒಂದೂವರೆ ಪುಟದ ಆದೇಶದಲ್ಲಿ.

ಅಲ್ಲಿಗೆ ಹೋಗುವ ಮುನ್ನ ಒಂದು ಗೋಜಲು ಬಿಡಿಸಬೇಕು. ಗಾರ್ಡಿಯನ್, ಅಂದರೆ ಕಾನೂನಿನ ಪೋಷಕ, ಆಗುವುದು ಬೇರೆ, ಸುಪರ್ದಿ ಬೇರೆ. ಸುಪರ್ದಿ ಎಂದರೆ ಮಗು ಯಾರ ಮನೆಯಲ್ಲಿ ಮಲಗಿ ಏಳುತ್ತದೆ, ಬೆಳಿಗ್ಗೆ ಯಾರು ತಲೆ ಬಾಚಿ ಶಾಲೆಯ ವ್ಯಾನ್ ಹತ್ತಿಸುತ್ತಾರೆ ಎಂಬುದು. ಪೋಷಕತ್ವ ಎಂದರೆ ಮಗುವಿನ ಪರವಾಗಿ ಸಹಿ ಹಾಕುವ, ಆಸ್ತಿ ನೋಡಿಕೊಳ್ಳುವ, ದೊಡ್ಡ ನಿರ್ಧಾರ ತೆಗೆದುಕೊಳ್ಳುವ ಅಧಿಕಾರ. ಮಗು ತಾಯಿಯ ಜೊತೆಗಿದ್ದೂ ತಂದೆ ಗಾರ್ಡಿಯನ್ ಆಗಿ ಉಳಿಯಬಹುದು. ನಮ್ಮಲ್ಲಿ ಬಹುಪಾಲು ನಡೆಯುತ್ತಿರುವುದೂ ಹಾಗೆಯೇ. 1956ರ ಕಾಯ್ದೆಯ ಪ್ರಕಾರ ಸಹಜ ಪೋಷಕ ತಂದೆ, ‘ಅವನ ನಂತರ’ ತಾಯಿ. ಆ ‘ನಂತರ’ಕ್ಕೆ ತಂದೆ ಸತ್ತ ಮೇಲೆ ಎಂದೇ ದಶಕಗಳ ಕಾಲ ಅರ್ಥ ಹೇಳಲಾಗುತ್ತಿತ್ತು. ಗೀತಾ ಹರಿಹರನ್ ಅವರು ಮಗನ ಹೆಸರಿನಲ್ಲಿ ಬಾಂಡ್ ಕೊಳ್ಳಲು ಹೋದಾಗ ತಂದೆಯ ಸಹಿ ಬೇಕೆಂದ ರಿಸರ್ವ್ ಬ್ಯಾಂಕಿನ ವಿರುದ್ಧ ಸುಪ್ರೀಂ ಕೋರ್ಟ್‌ಗೆ ಹೋದರು. 1999ರಲ್ಲಿ ಬಂದ ತೀರ್ಪು ‘ನಂತರ’ ಎಂಬುದನ್ನು ‘ಗೈರುಹಾಜರಿಯಲ್ಲಿ’ ಎಂದು ಓದಿತು. ತಂದೆ ಬದುಕಿದ್ದೂ ಮಗುವಿನ ಗೊಡವೆಗೆ ಬಾರದಿದ್ದರೆ, ಬೇರೆಲ್ಲೋ ಇದ್ದರೆ, ಇಬ್ಬರ ಒಪ್ಪಂದದಂತೆ ತಾಯಿಯೇ ನೋಡಿಕೊಳ್ಳುತ್ತಿದ್ದರೆ ತಾಯಿಯೇ ಸಹಜ ಪೋಷಕಿ. ತೀರ್ಪೇನೋ ಒಳ್ಳೆಯದೇ. ಆದರೆ ತಾಯಿಯ ಹಕ್ಕು ಇನ್ನೂ ತಂದೆಯ ‘ಗೈರುಹಾಜರಿ’ಗೇ ಜೋತುಬಿದ್ದಿದೆ. 2015ರ ಮೇ ತಿಂಗಳಲ್ಲಿ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ ಈ ಏರುಪೇರನ್ನು ಕಿತ್ತುಹಾಕಿ ಇಬ್ಬರನ್ನೂ ಸಮಾನ ಪೋಷಕರೆಂದು ಬರೆಯಿರಿ, ಜಂಟಿ ಸುಪರ್ದಿಗೆ ಕಾಯ್ದೆಯಲ್ಲೇ ಜಾಗ ಕೊಡಿ ಎಂದಿತ್ತು. ಕಾಯ್ದೆಯಲ್ಲಿ ಆ ‘ನಂತರ’ ಹಾಗೇ ಕೂತಿದೆ. ಮದುವೆಯಿಲ್ಲದೆ ತಾಯಿಯಾದವಳ ಸ್ಥಿತಿ ಈ ಒಂದು ವಿಷಯದಲ್ಲಿ ಎಷ್ಟೋ ವಾಸಿ: ಮಗುವಿನ ತಂದೆಗೆ ನೋಟಿಸ್ ಕೊಡದೆಯೂ ಅವಳು ಪೋಷಕತ್ವಕ್ಕೆ ಅರ್ಜಿ ಹಾಕಬಹುದೆಂದು 2015ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಆಸ್ತಿಯ ಮಾತು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. ಮಗುವಿನ ಹೆಸರಿನ ಸೈಟನ್ನೋ ಜಮೀನನ್ನೋ ತಂದೆಯಾಗಲಿ ತಾಯಿಯಾಗಲಿ ಮಾರುವುದಕ್ಕೆ, ಅಡಮಾನ ಇಡುವುದಕ್ಕೆ, ಐದು ವರ್ಷಕ್ಕೂ ಮೀರಿ ಗುತ್ತಿಗೆ ಕೊಡುವುದಕ್ಕೆ ಕೋರ್ಟಿನ ಮುಂಗಡ ಅನುಮತಿ ಬೇಕು. ‘ಮೈನರ್ ಗಾರ್ಡಿಯನ್ ತಂದೆ’ ಎಂದು ಕ್ರಯಪತ್ರದಲ್ಲಿ ಬರೆಸಿ ಸಹಿ ಹಾಕಿದರೆ ಮುಗಿಯಿತು ಎಂದುಕೊಂಡವರು, ಮಗ ದೊಡ್ಡವನಾಗಿ ಕ್ರಯ ರದ್ದು ಮಾಡಿಸಲು ಬಂದಾಗ ಕಣ್ಣು ಬಿಡುತ್ತಾರೆ.

ಮುಸ್ಲಿಂ ಕುಟುಂಬಗಳಲ್ಲಿ ಹನಫಿ ಪಂಥದ ಪ್ರಕಾರ ಮಗನಿಗೆ ಏಳು ವರ್ಷವಾಗುವವರೆಗೆ, ಮಗಳು ಮೈನೆರೆಯುವವರೆಗೆ ಸುಪರ್ದಿ ತಾಯಿಯದು. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ, ರಿಜಿಸ್ಟರ್ ಮದುವೆಯಾದವರಿಗೆ ವಿಶೇಷ ವಿವಾಹ ಕಾಯ್ದೆ. ಎಲ್ಲರ ಮೇಲೂ ಚಾಚಿಕೊಂಡಿರುವುದು ಬ್ರಿಟಿಷರ ಕಾಲದ, 1890ರ ಪೋಷಕರು ಮತ್ತು ಪೋಷಿತರ ಕಾಯ್ದೆ. ಯಾವ ಬಾಗಿಲಿಂದ ಒಳಹೋದರೂ ನ್ಯಾಯಾಧೀಶರು ಕಡೆಗೆ ಕೇಳುವುದು ಮಗುವಿನ ಹಿತವನ್ನೇ. ಬಾಗಿಲು ಎಲ್ಲಿದೆ ಎಂಬುದು ಮಾತ್ರ ಗೊತ್ತಿರಬೇಕು: 1890ರ ಕಾಯ್ದೆಯ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸವಿರುವ ಊರಿನ ಕೋರ್ಟಿನಲ್ಲಿ ಹಾಕಬೇಕು. ಬೆಂಗಳೂರಿನಲ್ಲಿ ಬೆಳೆದ ಮಗುವನ್ನು ಹೋದ ವಾರ ಶಿವಮೊಗ್ಗದ ಅಜ್ಜಿ ಮನೆಗೆ ಕರೆದೊಯ್ದು ಅಲ್ಲಿ ಅರ್ಜಿ ಹಾಕಿದರೆ, ಮೊದಲ ಒಂದು ವರ್ಷ ಯಾವ ಊರಿನ ಕೋರ್ಟು ಎಂಬ ತಕರಾರಿನಲ್ಲೇ ಕಳೆದುಹೋಗುತ್ತದೆ.

ಯಾರ ಸಂಬಳ ಎಷ್ಟು ಎಂಬುದಕ್ಕೆ ಹೆತ್ತವರು ಕೊಡುವಷ್ಟು ತೂಕವನ್ನು ಕೋರ್ಟು ಕೊಡುವುದಿಲ್ಲ. ದುಡ್ಡು ಕಡಿಮೆಯಿದ್ದರೆ ಜೀವನಾಂಶದಿಂದ ತುಂಬಿಸಬಹುದು. ಮಗು ಈವರೆಗೆ ಯಾರ ಕೈಯಲ್ಲಿ ಬೆಳೆದಿದೆ, ಶಾಲೆ ಎಲ್ಲಿ, ಒಡಹುಟ್ಟಿದವರು ಎಲ್ಲಿದ್ದಾರೆ, ಜ್ವರ ಬಂದಾಗ ಯಾರು ರಜೆ ಹಾಕುತ್ತಾರೆ, ಮನೆಯಲ್ಲಿ ಕುಡಿತ ಹೊಡೆತ ಇದೆಯೇ ಎಂಬುದೇ ಅಲ್ಲಿ ಹೆಚ್ಚು ಓಡುವ ನಾಣ್ಯ. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಕೇಳಬಹುದೆಂದು 1890ರ ಕಾಯ್ದೆಯ 17ನೇ ಕಲಮು ಹೇಳುತ್ತದೆ. ಅದಕ್ಕೆ ಇಂತಿಷ್ಟೇ ವಯಸ್ಸು ಎಂದಿಲ್ಲ. ನ್ಯಾಯಾಧೀಶರು ಚೇಂಬರಿಗೆ ಕರೆದು, ಇಬ್ಬರೂ ವಕೀಲರನ್ನು ಹೊರಗಿಟ್ಟು, ಯಾವ ಮೇಷ್ಟ್ರು ಇಷ್ಟ ಎಂದೇ ಮಾತು ಶುರು ಮಾಡುತ್ತಾರೆ. ಎಂಟು ವರ್ಷದ ಹುಡುಗಿ ಬಂದ ಕೂಡಲೇ “ಅಪ್ಪ ಮಾನಸಿಕ ಕ್ರೌರ್ಯ ಕೊಡ್ತಾರೆ” ಎಂದರೆ, ಅದು ಯಾರ ಬಾಯಿಂದ ಬಂದ ಮಾತೆಂದು ತಿಳಿಯಲು ಕಾನೂನು ಪದವಿ ಬೇಕಿಲ್ಲ. ಮಗುವಿಗೆ ಪಾಠ ಹೇಳಿಕೊಟ್ಟು ಕರೆತಂದ ಪಾರ್ಟಿಗೆ ಅದೇ ಮುಳುವಾದ ಕೇಸುಗಳಿವೆ.

ಇನ್ನು ಮಧ್ಯಂತರ ಆದೇಶದ ವಿಷಯ. ಸುಪರ್ದಿಯ ಮೂಲ ಅರ್ಜಿ ಸಾಕ್ಷಿ, ಪಾಟೀಸವಾಲು, ವಾಯಿದೆ ಎಂದು ವರ್ಷಗಟ್ಟಲೆ ಎಳೆಯುತ್ತದೆ. ಅಷ್ಟು ಹೊತ್ತಿಗೆ ಯುಕೆಜಿಯಲ್ಲಿದ್ದ ಮಗು ನಾಲ್ಕನೇ ಕ್ಲಾಸಿಗೆ ಬಂದಿರುತ್ತದೆ, ಅದಕ್ಕೊಂದು ಬೀದಿ, ಒಬ್ಬ ಜೀವದ ಗೆಳೆಯ, ಒಂದು ಮಲಗುವ ಜಾಗ ಎಲ್ಲ ಆಗಿರುತ್ತದೆ. ಅದನ್ನು ಕದಲಿಸಲು ಯಾವ ನ್ಯಾಯಾಧೀಶರೂ ಹಿಂದೆಮುಂದೆ ನೋಡುತ್ತಾರೆ. ಹೀಗಾಗಿ ಮೊದಲ ಆರು ತಿಂಗಳಲ್ಲಿ ಯಾರ ಬಳಿ ಮಗು ಉಳಿಯಿತೋ ಕೊನೆಗೂ ಅವರ ಬಳಿಯೇ ಉಳಿಯುವ ಸಾಧ್ಯತೆ ಹೆಚ್ಚು. ಇದು ಹಳೆಯ ವಕೀಲರಿಗೆ ಗೊತ್ತು. ಬೆಳಿಗ್ಗೆ ಶಾಲೆ ಬಳಿಯಿಂದಲೇ ಮಗುವನ್ನು ಕಾರಿಗೆ ಹತ್ತಿಸಿಕೊಂಡು ಹೋಗುವ ಜಗಳಗಳ ಹಿಂದೆ ಈ ಲೆಕ್ಕವೇ ಇರುತ್ತದೆ.

ಹಾಗೆ ಕರೆದುಕೊಂಡು ಹೋದರೆ ಅಪಹರಣದ ಕೇಸ್ ಹಾಕಬಹುದೇ? ಸ್ಟೇಷನ್ನಿಗೆ ಓಡಿದವರಿಗೆ ಪೊಲೀಸರು “ಅಪ್ಪಾನೇ ತಾನೇ ಕರ್ಕೊಂಡು ಹೋಗಿರೋದು? ಕೋರ್ಟಿಗೆ ಹೋಗಿಮ್ಮ” ಎನ್ನುವುದು ಸಿಟ್ಟು ತರಿಸಿದರೂ ಕಾನೂನಿನ ದೃಷ್ಟಿಯಲ್ಲಿ ಪೂರ್ತಿ ತಪ್ಪಲ್ಲ. ಸಹಜ ಪೋಷಕನೇ ಮಗುವನ್ನು ಒಯ್ದರೆ, ಅದನ್ನು ತಡೆಯುವ ಕೋರ್ಟ್ ಆದೇಶ ಇಲ್ಲದಿದ್ದರೆ, ಅಪಹರಣದ ಕಲಮು ಸಾಮಾನ್ಯವಾಗಿ ನಿಲ್ಲುವುದಿಲ್ಲ. ಕೈಯಲ್ಲೊಂದು ಆದೇಶವಿದ್ದರೆ ಚಿತ್ರವೇ ಬೇರೆ. ಎಳೆಯ ಮಗುವನ್ನು ಕಿತ್ತುಕೊಂಡು ಹೋಗಿದ್ದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವ ದಾರಿಯೂ ಇದೆ. ಮಗು ಕಾನೂನುಬಾಹಿರವಾಗಿ ಒಬ್ಬರ ವಶದಲ್ಲಿದ್ದರೆ ಈ ಅರ್ಜಿ ನಡೆಯುತ್ತದೆ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೌಟುಂಬಿಕ ದೌರ್ಜನ್ಯದ ಕೇಸಿದ್ದರೆ 2005ರ ಕಾಯ್ದೆಯ 21ನೇ ಕಲಮಿನಡಿ ಮ್ಯಾಜಿಸ್ಟ್ರೇಟರೇ ತಾತ್ಕಾಲಿಕ ಸುಪರ್ದಿ ಕೊಡಬಹುದು. ಭೇಟಿಯಿಂದ ಮಗುವಿಗೆ ಅಪಾಯವಿದೆ ಎನಿಸಿದರೆ ಭೇಟಿಯನ್ನೇ ನಿರಾಕರಿಸಬಹುದು. ವಕೀಲರಿಗೆ ಕೊಡಲು ದುಡ್ಡಿಲ್ಲ ಎಂದು ಸುಮ್ಮನೆ ಕೂರುವ ತಾಯಂದಿರಿಗೆ ಒಂದು ಮಾತು: ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ ಸಂಖ್ಯೆ 15100.

ಭೇಟಿಯ ಹಕ್ಕು ಈ ಇಡೀ ವಿಷಯದ ಹೊಟ್ಟೆ ಇದ್ದಂತೆ. ತೀರ್ಪು ಪತ್ರಿಕೆಯಲ್ಲಿ ಬಂದಾಗ ಅದಕ್ಕೆ ಸಿಗುವುದು ಮಾತ್ರ ಕೊನೆಯ ಒಂದು ಸಾಲು: ‘ತಂದೆಗೆ ಭೇಟಿಯ ಅವಕಾಶ ನೀಡಲಾಗಿದೆ’.

ಆದೇಶದಲ್ಲಿ “ಅರ್ಜಿದಾರರು ಪ್ರತಿ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಮಗುವನ್ನು ಭೇಟಿಯಾಗಬಹುದು” ಎಂದಷ್ಟೇ ಇದೆ ಎಂದಿಟ್ಟುಕೊಳ್ಳಿ. ಮೊದಲ ಶನಿವಾರ ತಂದೆ ಹೊಸ ಸೈಕಲ್ ಹಿಡಿದು ಅತ್ತೆ ಮನೆಯ ಗೇಟಿನ ಮುಂದೆ ನಿಂತ. ಭೇಟಿ ಇಲ್ಲೇ, ನಮ್ಮ ಹಾಲಿನಲ್ಲಿ, ನಮ್ಮ ಕಣ್ಣೆದುರಿಗೆ ಎಂದರು ಅವರು. ಕರೆದುಕೊಂಡು ಹೋಗಲಿಕ್ಕೇ ಎಂದ ಅವನು. ಆದೇಶದಲ್ಲಿ ಎರಡೂ ಇಲ್ಲ. ಎರಡನೇ ಶನಿವಾರ ಮಗುವಿಗೆ ಭರತನಾಟ್ಯದ ಕ್ಲಾಸು. ಮೂರನೆಯದಕ್ಕೆ ಜ್ವರ, ಅದನ್ನು ಹೇಳಿದ್ದು ಹತ್ತೂಕಾಲಿಗೆ, ವಾಟ್ಸಾಪಿನಲ್ಲಿ. ನಾಲ್ಕನೆಯದಕ್ಕೆ ಮಗುವೇ ಅಜ್ಜಿಯ ಸೆರಗು ಹಿಡಿದು ಬರಲ್ಲ ಎಂದಿತು. ಅದರ ಕೈಗೆ ಹೊಸ ಸೈಕಲ್ಲೂ ಕೊಟ್ಟು, ಅಪ್ಪ ಕೆಟ್ಟವನು ಎಂಬ ಮಾತೂ ಕೊಟ್ಟರೆ ಅದು ಇನ್ನೇನು ಹೇಳೀತು? ಇಷ್ಟಕ್ಕೇ ಒಂದು ತಿಂಗಳು ಹೋಯಿತು. ಆಮೇಲೆ ಆದೇಶ ಪಾಲನೆಯಾಗಿಲ್ಲ ಎಂಬ ಮೆಮೊ, ಅದಕ್ಕೆ ಆಕ್ಷೇಪಣೆ, ಅದರ ಮೇಲೊಂದು ವಾಯಿದೆ.

ಒಳ್ಳೆಯ ಆದೇಶ ಎಂದರೆ ಪುಕ್ಕಲು ಮನುಷ್ಯ ಬರೆದ ಬಾಡಿಗೆ ಕರಾರಿನಂತಿರಬೇಕು. ಮಗುವನ್ನು ಎಲ್ಲಿಂದ ಕರೆದುಕೊಳ್ಳಬೇಕು, ಎಲ್ಲಿ ಬಿಡಬೇಕು? ಮನೆ ಬಾಗಿಲಲ್ಲಿ ಜಗಳವಾಗುವುದಾದರೆ ಶಾಲೆಯ ಗೇಟೋ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಕೋಣೆಯೋ ವಾಸಿ. ರಾತ್ರಿ ತಂಗಬಹುದೇ? ಒಂದು ಶನಿವಾರ ತಪ್ಪಿದರೆ ಅದರ ಬದಲು ಯಾವ ದಿನ? ದಸರಾ ರಜೆಯನ್ನು, ಬೇಸಿಗೆ ರಜೆಯನ್ನು ಹೇಗೆ ಹಂಚುವುದು? ದೀಪಾವಳಿ ಒಂದು ವರ್ಷ ಇವರಿಗೆ, ಮರುವರ್ಷ ಅವರಿಗೆ ಎಂದಾದರೆ ಯಾವ ವರ್ಷದಿಂದ ಎಣಿಕೆ ಶುರು? ಹುಟ್ಟುಹಬ್ಬ? ಶಾಲೆಯ ಪೋಷಕರ ಸಭೆಗೆ ಇಬ್ಬರೂ ಹೋಗಬಹುದೇ? ಅಜ್ಜಿ ತಾತ ಜೊತೆಗಿರಬಹುದೇ? ವಾರಕ್ಕೆ ಎಷ್ಟು ವಿಡಿಯೊ ಕಾಲ್, ಯಾವ ಹೊತ್ತಿಗೆ? ಈ ಕೊನೆಯದನ್ನು ಹಲವರು ಕ್ಷುಲ್ಲಕ ಎಂದು ಬಿಟ್ಟುಬಿಡುತ್ತಾರೆ. 2020ರಲ್ಲಿ ಸುಪ್ರೀಂ ಕೋರ್ಟ್, ಮಗುವಿಗೆ ಅಪ್ಪ ಅಮ್ಮ ಇಬ್ಬರ ಪ್ರೀತಿಯೂ ಸಿಗಬೇಕಾದ್ದು ಅದರ ಹಕ್ಕು ಎಂದು ಹೇಳಿ, ಭೇಟಿಯ ಜೊತೆಗೆ ಫೋನ್ ಮತ್ತು ವಿಡಿಯೊ ಕರೆಯ ‘ಸಂಪರ್ಕದ ಹಕ್ಕ’ನ್ನೂ ಆದೇಶದಲ್ಲೇ ಬರೆಯಬೇಕೆಂದಿತು. ಬೇರೆ ಊರಿನಲ್ಲೋ ದೇಶದಲ್ಲೋ ಇರುವ ತಂದೆ ತಾಯಿಗೆ ನಿಜವಾಗಿ ದಕ್ಕುವುದು ಅದೊಂದೇ.

ಇಂಥ ವಿವರಗಳನ್ನು ಕೂತು ಬರೆಯುವುದಕ್ಕೆ ಕೋರ್ಟ್ ಹಾಲಿಗಿಂತ ಒಳ್ಳೆಯ ಜಾಗ ಮಧ್ಯಸ್ಥಿಕೆಯ ಮೇಜು. ಬೆಂಗಳೂರಿನ ನ್ಯಾಯ ದೇಗುಲದಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರವಿದೆ. ಸುಪರ್ದಿಯಲ್ಲಿ ರಾಜಿಯಾಗದವರು ಕೂಡ ಭೇಟಿಯ ವೇಳಾಪಟ್ಟಿಯಲ್ಲಿ ಅಲ್ಲಿ ರಾಜಿಯಾಗಬಹುದು. ಹಾಗೆ ಬರೆದುಕೊಂಡ ಒಪ್ಪಂದವನ್ನು ಕೋರ್ಟಿಗೆ ಹಾಜರುಪಡಿಸಿ ಆದೇಶವನ್ನಾಗಿ ಮಾಡಿಸಿಕೊಳ್ಳಲೇಬೇಕು. ಬಿಳಿ ಹಾಳೆಯ ಮೇಲೆ ಹಿರಿಯರ ಸಮ್ಮುಖದಲ್ಲಿ ಸಹಿ ಹಾಕಿಕೊಂಡದ್ದನ್ನು ಜಾರಿ ಮಾಡಿಸಲು ಹೋದರೆ ಕೈಗೆ ಏನೂ ಸಿಗುವುದಿಲ್ಲ.

ಜೀವನಾಂಶ ಕೊಡದವನಿಗೆ ಮಗುವನ್ನು ತೋರಿಸಬೇಕೇ? ಹೌದು. ಮಗುವನ್ನು ತೋರಿಸದವಳಿಗೆ ದುಡ್ಡು ಕೊಡಬೇಕೇ? ಅದೂ ಹೌದು. ಎರಡೂ ಮಗುವಿಗೆ ಸಲ್ಲಬೇಕಾದ್ದು, ಒಂದನ್ನು ಹಿಡಿದಿಟ್ಟು ಇನ್ನೊಂದನ್ನು ವಸೂಲಿ ಮಾಡುವ ಹಾಗಿಲ್ಲ. ದುಡ್ಡಿಗೆ ವಸೂಲಿ ಅರ್ಜಿ, ಭೇಟಿಗೆ ಆದೇಶ ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ ಅಥವಾ ನ್ಯಾಯಾಂಗ ನಿಂದನೆ, ಹೀಗೆ ಎರಡಕ್ಕೂ ಅವುಗಳದೇ ದಾರಿಯಿದೆ. ಮಗುವಿನ ಜೀವನಾಂಶ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಲ್ಲಿದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದು 125ನೇ ಕಲಮು, ಹಳಬರ ಬಾಯಲ್ಲಿ ಇನ್ನೂ ‘ಒನ್ ಟ್ವೆಂಟಿ ಫೈವ್’. ಇಬ್ಬರೂ ಆಸ್ತಿ, ಸಂಬಳ, ಸಾಲದ ಅಫಿಡವಿಟ್ ಹಾಕಬೇಕು, ಮೊತ್ತ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕವಾಗಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಕಟ್ಟುಮಾಡಿದೆ. ಹೆಂಡತಿಯೂ ಚೆನ್ನಾಗಿ ದುಡಿಯುತ್ತಿದ್ದರೆ ಶಾಲೆಯ ಖರ್ಚನ್ನು ಅವರವರ ಆದಾಯಕ್ಕೆ ತಕ್ಕಂತೆ ಹಂಚಬಹುದು ಎಂದೂ ಅಲ್ಲೇ ಇದೆ.

ಜಂಟಿ ಸುಪರ್ದಿ ನಮ್ಮ ಕಾಯ್ದೆಗಳಲ್ಲಿ ಹೆಸರಿಸದ ವಸ್ತುವಾದರೂ ಕರ್ನಾಟಕ ಹೈಕೋರ್ಟ್ ಅದನ್ನು 2013ರಲ್ಲೇ ಕೊಟ್ಟು ನೋಡಿದೆ. ಹನ್ನೆರಡರ ಆಸುಪಾಸಿನ ಹುಡುಗನ ಕೇಸಿನಲ್ಲಿ ದ್ವಿಸದಸ್ಯ ಪೀಠ ವರ್ಷವನ್ನು ಎರಡು ಸೀಳಾಗಿ ಹಂಚಿತು: ಜನವರಿಯಿಂದ ಜೂನ್ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್ ತಾಯಿಯ ಬಳಿ. ಒಬ್ಬರ ಸರದಿಯಲ್ಲಿ ಇನ್ನೊಬ್ಬರಿಗೆ ವಾರಾಂತ್ಯದ ಭೇಟಿ, ಓದಿನ ಖರ್ಚು ಸಮಪಾಲು. ಕಾನೂನು ಆಯೋಗವೂ ಈ ತೀರ್ಪನ್ನು ಉಲ್ಲೇಖಿಸಿತು. ನನಗಿದು ಅಷ್ಟೇನೂ ರುಚಿಸುವುದಿಲ್ಲ. ಎರಡು ಮನೆಯೂ ಒಂದೇ ಶಾಲೆಯ ಹತ್ತಿರವಿದ್ದರೆ, ಇಬ್ಬರೂ ಹೋಂವರ್ಕ್ ಬಗ್ಗೆಯಾದರೂ ಮಾತಾಡುವಷ್ಟು ನೆಟ್ಟಗಿದ್ದರೆ ನಡೆಯುತ್ತದೆ. ಒಬ್ಬರು ಯಲಹಂಕದಲ್ಲಿ, ಇನ್ನೊಬ್ಬರು ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇದ್ದರೆ ಸಮಾನತೆ ಹೆತ್ತವರದು, ಟ್ರಾಫಿಕ್ ಮಗುವಿನದು.

ಬೆಂಗಳೂರಿನ ಕೇಸುಗಳಿಗೆ ಇನ್ನೊಂದು ಸಿಕ್ಕು ಇದೆ, ವಿದೇಶದ್ದು. ಅಮೆರಿಕದಲ್ಲಿ ಹುಟ್ಟಿದ ಮಗು, ರಜೆಗೆಂದು ಬಂದ ತಾಯಿ, ವಾಪಸ್ ಹೋಗುವ ಟಿಕೆಟ್ ಇದ್ದೂ ವಿಮಾನ ಹತ್ತಲಿಲ್ಲ. ಅಲ್ಲಿ ತಂದೆ ಆದೇಶ ತರುತ್ತಾನೆ, ಇಲ್ಲಿ ತಾಯಿ ಅರ್ಜಿ ಹಾಕುತ್ತಾಳೆ. ಹೀಗೆ ಒಯ್ದ ಮಗುವನ್ನು ವಾಸದ ದೇಶಕ್ಕೆ ಬೇಗ ಮರಳಿಸಬೇಕೆನ್ನುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. 2016ರಲ್ಲಿ ಮಸೂದೆಯ ಕರಡು ಬಂತು, ನ್ಯಾಯಮೂರ್ತಿ ರಾಜೇಶ್ ಬಿಂದಲ್ ಸಮಿತಿ 2018ರಲ್ಲಿ ವರದಿ ಕೊಟ್ಟಿತು, ಅಲ್ಲಿಗೆ ನಿಂತಿತು. ಹೊಡೆತ ತಾಳದೆ ಓಡಿಬಂದ ಹೆಣ್ಣುಮಕ್ಕಳನ್ನು, ವೀಸಾ ಕೂಡ ಗಂಡನ ಕೈಯಲ್ಲಿರುವವರನ್ನು, ಮಗುವಿನ ಹೆಸರಲ್ಲಿ ಮತ್ತೆ ಅದೇ ಊರಿಗೆ ತಳ್ಳಿದಂತಾಗುತ್ತದೆ ಎಂಬುದು ಸಹಿಗೆ ಇರುವ ವಿರೋಧ. ಅದರಲ್ಲಿ ಹುರುಳಿದೆ. ಇತ್ತ ಸುಮ್ಮನೆ ಒಂದು ದಿನ ಮಗುವೇ ಕಾಣೆಯಾದ ತಂದೆ ತಾಯಿಯ ಸಂಕಟಕ್ಕೆ ಅದರಲ್ಲಿ ಉತ್ತರವಿಲ್ಲ. ಒಪ್ಪಂದ ಇಲ್ಲದ್ದರಿಂದ ಎಲ್ಲ ಹೊರೆ ಕೋರ್ಟುಗಳ ಮೇಲೆ ಬಿದ್ದಿದೆ, ಅವೂ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ವಾಲುತ್ತ ಬಂದಿವೆ. 2015ರಲ್ಲಿ ವಿದೇಶಿ ಕೋರ್ಟಿನ ಆದೇಶಕ್ಕೆ ಹೆಚ್ಚು ಗೌರವ. 2017ರಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ, ಅದು ಪರಿಗಣಿಸಬೇಕಾದ ಅಂಶಗಳಲ್ಲಿ ಒಂದು ಮಾತ್ರ, ಮಗುವಿನ ಹಿತ ನೋಡಿ ಎಂದಿತು. 2019ರಲ್ಲಿ ಅದೇ ಹಿತದ ಹೆಸರಿನಲ್ಲಿ ಹೈದರಾಬಾದಿನಲ್ಲಿದ್ದ ಇಬ್ಬರು ಮಕ್ಕಳನ್ನು ಅಮೆರಿಕಕ್ಕೆ ಕಳಿಸುವಂತೆ ಆದೇಶವಾಯಿತು. ಈ ತೀರ್ಪುಗಳನ್ನು ಒಟ್ಟಿಗೆ ಓದಿದರೆ ಕಾಣುವುದು ಇಷ್ಟು: ಮಗು ಬಂದು ಎಷ್ಟು ದಿನವಾಯಿತು, ಇಲ್ಲಿ ಎಷ್ಟು ಬೇರು ಬಿಟ್ಟಿದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಆದ್ದರಿಂದ ವಿದೇಶದಲ್ಲಿ ಉಳಿದ ತಂದೆಯೋ ತಾಯಿಯೋ ರಾಜಿಯಾದೀತೆಂದು ಒಂದು ವರ್ಷ ಕಾದರೆ, ಆ ಒಂದು ವರ್ಷವೇ ಅವರ ವಿರುದ್ಧ ಸಾಕ್ಷಿ ಹೇಳುತ್ತದೆ. ಇನ್ನು ಇಲ್ಲಿಂದ ಮಗುವನ್ನು ಹೊರದೇಶಕ್ಕೆ ಒಯ್ಯಬಹುದೆಂಬ ಭಯವಿರುವವರು, ಅನುಮತಿಯಿಲ್ಲದೆ ದೇಶದಾಚೆ ಕರೆದೊಯ್ಯಬಾರದು, ಪಾಸ್‌ಪೋರ್ಟನ್ನು ಕೋರ್ಟಿಗೆ ಒಪ್ಪಿಸಬೇಕು ಎಂಬ ಷರತ್ತನ್ನು ಮಧ್ಯಂತರ ಅರ್ಜಿಯಲ್ಲೇ ಕೇಳಬೇಕು. ಇನ್ನೊಬ್ಬರ ಸಹಿ ಸಿಗದಾಗ ಒಬ್ಬರೇ ಘೋಷಣೆ ಕೊಟ್ಟು ಮಗುವಿಗೆ ಪಾಸ್‌ಪೋರ್ಟ್ ಕೇಳುವ ನಮೂನೆಯೂ ಇದೆ ಎಂಬುದು ನೆನಪಿರಲಿ.

ಸುಪರ್ದಿಯ ತೀರ್ಪು ಕಲ್ಲಿನ ಮೇಲೆ ಬರೆದದ್ದೇ? 1973ರಲ್ಲೇ ಸುಪ್ರೀಂ ಕೋರ್ಟ್, ಮಕ್ಕಳು ಹೆತ್ತವರ ಸ್ವತ್ತೂ ಅಲ್ಲ ಆಟದ ಗೊಂಬೆಯೂ ಅಲ್ಲ, ಸುಪರ್ದಿಯ ಆದೇಶ ಸ್ವಭಾವತಃ ಬದಲಾಗಬಲ್ಲದ್ದು ಎಂದಿತ್ತು. ಅದೇ ಕೋರ್ಟ್ 2025ರ ಜುಲೈಯಲ್ಲಿ ತನ್ನ ಆದೇಶವನ್ನೇ ಬದಲಿಸಿ ತೋರಿಸಿತು. ಕೇರಳದ ಕೇಸು. ಹುಡುಗ ಹುಟ್ಟಿದ್ದು 2012ರಲ್ಲಿ. ತಾಯಿ ಮರುಮದುವೆಯಾಗಿದ್ದಳು, ಮಲೇಷ್ಯಾಕ್ಕೆ ಹೋಗುವ ಮಾತಿತ್ತು. ಹೈಕೋರ್ಟ್ ಹುಡುಗನನ್ನು ತಂದೆಗೆ ಕೊಟ್ಟಿತು, 2024ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆಮೇಲೆ ಹುಡುಗನಿಗೆ ಅಗಲಿಕೆಯ ಆತಂಕ ತೀವ್ರವಾಗಿದೆ ಎಂಬ ವೈದ್ಯಕೀಯ ವರದಿಗಳೊಂದಿಗೆ ತಾಯಿ ಮರುಪರಿಶೀಲನೆ ಕೋರಿದಳು. ಕೋರ್ಟ್ ಸುಪರ್ದಿಯನ್ನು ಅವಳಿಗೆ ಮರಳಿಸಿತು, ತಂದೆಗೆ ಭೇಟಿಯ ಅವಕಾಶ ಉಳಿಸಿತು. ಮರುಪರಿಶೀಲನೆಯಲ್ಲಿ ಗೆಲ್ಲುವುದು ಎಷ್ಟು ಅಪರೂಪ ಎಂದು ಬಲ್ಲವರಿಗೆ ಇದರ ತೂಕ ತಿಳಿಯುತ್ತದೆ.

ಹಾಗಾಗಿ ಸೋತವರಿಗೂ ಅರ್ಜಿಯ ಬಾಗಿಲು ತೆರೆದೇ ಇರುತ್ತದೆ, ಗೆದ್ದವರಿಗೂ. ಮಗು ಬೆಳೆದು ಪರಿಸ್ಥಿತಿ ಬದಲಾದಂತೆ ಆದೇಶ ಬದಲಿಸಿ ಎಂದು ಕೇಳಬಹುದು. ಸದ್ಯಕ್ಕೆ ಹತ್ತಿರದ ವಿಷಯ ರಜೆಯದು. ಶಾಲೆಗಳಿಗೆ ಏಪ್ರಿಲ್‌ನಲ್ಲಿ ರಜೆ ಶುರುವಾಗುತ್ತದೆ, ನ್ಯಾಯಾಲಯಗಳ ಬೇಸಿಗೆ ರಜೆಯೂ ಹೆಚ್ಚುಕಡಿಮೆ ಅದರ ಬೆನ್ನಿಗೇ. ಮಗುವನ್ನು ಹದಿನೈದು ದಿನ ಅಜ್ಜಿ ಊರಿಗೆ ಕರೆದುಕೊಂಡು ಹೋಗಬೇಕು ಎನ್ನುವವರು ಅರ್ಜಿಯನ್ನು ಮಾರ್ಚ್ ಮೊದಲ ವಾರದಲ್ಲೇ ಹಾಕಬೇಕು. ಇನ್ನೊಂದು ಕಡೆಯವರು ಆಕ್ಷೇಪಣೆಗೆ ಎರಡು ವಾಯಿದೆ ಕೇಳುತ್ತಾರೆ, ಅದನ್ನೂ ಕಳೆದು ಲೆಕ್ಕ ಹಾಕಿಕೊಳ್ಳಿ.